14 ತಿಂಗಳು, 11,800 ಕಿಲೋಮೀಟರ್: ಹೊಸ ಬೈಕಿನ ಇಂಜಿನ್ ಶಬ್ದಗಳ ಜಾಡು ಹಿಡಿದು

14 ತಿಂಗಳ ಹಿಂದೆ ಕೊಂಡ ನನ್ನ ಬೈಕು ಈಗ 11,800 ಕಿಲೋಮೀಟರ್ ಓಡಿದೆ. ಸುಮಾರು 300 ಸಿಸಿಯ, ಒಂದೇ ಸಿಲಿಂಡರಿನ, ಕೂಲಂಟ್‌ನಿಂದ ತಂಪಾಗುವ, ಗಾಳಿ, ಹೊಗೆಗಳ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ಎರಡು ಕ್ಯಾಮ್ ದಂಡಗಳಿರುವ ಇಂಜಿನ್ ಇದರದು. ಎಳೆತ, ಮೈಲೇಜು, ಬ್ರೇಕುಗಳ ವಿಷಯದಲ್ಲಿ ನನ್ನ ತಕರಾರೇನೂ ಇಲ್ಲ. ಈ ಅವಧಿಯಲ್ಲಿ ನನ್ನ ನೆಮ್ಮದಿ ಕೆಡಿಸಿದ್ದು ಇಂಜಿನ್ನಿನ ಸುತ್ತ ಒಂದರ ಹಿಂದೊಂದು ಕಾಣಿಸಿಕೊಂಡ ಶಬ್ದಗಳು ಮಾತ್ರ. ಆದ್ದರಿಂದ ಈ ವಿಮರ್ಶೆಯೂ ಅವುಗಳ ಕುರಿತೇ ಇದೆ. ಶಬ್ದ ಹೇಗಿದೆ ಎಂಬುದನ್ನು ವರ್ಣಿಸುತ್ತ ಮೊದಲ ಕೆಲವು ತಿಂಗಳು ಕಳೆದೆ. ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಬರೆದಿಡಲು ಆರಂಭಿಸಿದ ಮೇಲೆಯೇ ದೋಷಗಳು ಸಿಕ್ಕಿದ್ದು.

ಆರಂಭದಲ್ಲಿ ನಾನು ಗಾಬರಿಪಟ್ಟ ಕೆಲವು ಸದ್ದುಗಳು ದೋಷಗಳೇ ಆಗಿರಲಿಲ್ಲ. ಕೀಲಿ ತಿರುಗಿಸಿದೊಡನೆ ಎರಡು ಮೂರು ಸೆಕೆಂಡು ಕೇಳುವ ಗುಂಯ್‌ಗುಟ್ಟುವಿಕೆ ಪೆಟ್ರೋಲ್ ಪಂಪಿನದು. ನಿಲ್ಲಿಸಿದ ಮೇಲೆ ಬರುವ ಟಿಕ್ ಟಿಕ್, ಕಾದ ಸೈಲೆನ್ಸರ್ ತಣಿಯುತ್ತ ಕುಗ್ಗುವುದರಿಂದ ಬರುವಂಥದ್ದು. ನ್ಯೂಟ್ರಲ್‌ನಲ್ಲಿ ಕೇಳಿಬಂದು ಕ್ಲಚ್ ಹಿಡಿದೊಡನೆ ಅಡಗುವ ಸಣ್ಣ ಗರಗರ ಕ್ಲಚ್ ಮತ್ತು ಗೇರ್‌ಬಾಕ್ಸಿನ ಕಡೆಯದು; ಅದು ಹೆಚ್ಚುತ್ತ ಹೋಗದಿದ್ದರೆ ಚಿಂತಿಸಬೇಕಾಗಿಲ್ಲ.

ಮೊದಲ ನಿಜವಾದ ತೊಂದರೆ 600 ಕಿಲೋಮೀಟರಿನ ಹೊತ್ತಿಗೆ ಶುರುವಾಯಿತು. 3,900ರಿಂದ 4,300 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನಡುವೆ ಮಾತ್ರ ಝರ್ರೆಂದು ಕೇಳಿ, ಅದರ ಕೆಳಗೂ ಮೇಲೂ ಪೂರ್ತಿ ಮಾಯವಾಗುತ್ತಿತ್ತು. ಹೀಗೆ ಇಕ್ಕಟ್ಟಾದ ಒಂದೇ ವೇಗದ ಪಟ್ಟಿಯಲ್ಲಿ ಬರುವ ಶಬ್ದ ಬಹುಮಟ್ಟಿಗೆ ಇಂಜಿನ್ನಿನ ಒಳಗಿನದಾಗಿರುವುದಿಲ್ಲ. ಇಂಜಿನ್ನಿನ ಕಂಪನಕ್ಕೆ ತನ್ನ ಕಂಪನ ಕೂಡಿದಾಗ ಅದುರುವ ಯಾವುದೋ ಸಡಿಲ ತಗಡಿನದಾಗಿರುತ್ತದೆ. ಇಂಜಿನ್ ತಣ್ಣಗಿದ್ದಾಗ ಒಂದೊಂದೇ ಭಾಗವನ್ನು ಬೆರಳಿನ ಗಿಣ್ಣಿನಿಂದ ತಟ್ಟುತ್ತ ಹೋದೆ. ಸೈಲೆನ್ಸರಿನ ಮೇಲಿನ ಶಾಖದ ಕವಚದ ಬಳಿ ಅದೇ ಝರ್ರೆನ್ನುವ ದನಿ ಸಿಕ್ಕಿತು. ಮೂರು ಬೋಲ್ಟುಗಳಲ್ಲಿ ಒಂದಕ್ಕೆ ವಾಷರೇ ಇರಲಿಲ್ಲ. ಹೊಸ ಬೈಕಿನಲ್ಲಿ ಇಂಥದ್ದು ಆಗಬಾರದು, ಆದರೆ ಹತ್ತು ನಿಮಿಷದಲ್ಲಿ ಸರಿಹೋಯಿತು.

ಎರಡನೆಯದು ಹೆಚ್ಚು ಕಲಿಸಿತು. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಚಟ್ ಚಟ್ ಚಟ್ ಎಂದು ಹದವಾಗಿ ಬರುತ್ತಿದ್ದ ಶಬ್ದ, ಆಕ್ಸಿಲರೇಟರ್ ಕೊಟ್ಟರೆ ಜೋರಾಗಿ, ನಾಲ್ಕೈದು ನಿಮಿಷದಲ್ಲಿ ಕರಗಿಹೋಗುತ್ತಿತ್ತು. ಮೊದಲ ಸರ್ವಿಸಿನಲ್ಲಿ ಹೇಳಿದಾಗ, “ಟ್ಯಾಪೆಟ್ ಸೌಂಡ್ ಸರ್, ಹೊಸ ಗಾಡಿ ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ” ಎಂದರು. ಟ್ಯಾಪೆಟ್ ಎಂದರೆ ಕ್ಯಾಮ್ ಮತ್ತು ವಾಲ್ವ್ ನಡುವೆ ಕೂತು ವಾಲ್ವನ್ನು ಒತ್ತುವ ಭಾಗ. ಅವರ ಊಹೆ ತೀರಾ ಅಸಂಬದ್ಧವೇನಲ್ಲ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಐಡ್ಲಿಂಗ್ (ಆಕ್ಸಿಲರೇಟರ್ ಕೊಡದಾಗಿನ ವೇಗ) 1,500 ಆರ್‌ಪಿಎಂ ಇದ್ದರೆ ಕ್ರ್ಯಾಂಕ್ ಸೆಕೆಂಡಿಗೆ 25 ಸಲ, ಕ್ಯಾಮ್ ಹನ್ನೆರಡೂವರೆ ಸಲ. ಟ್ಯಾಪೆಟ್ಟಿನ ಬಡಿತ ಬರುವುದು ಈ ನಿಧಾನದ ಲಯದಲ್ಲಿ. ಆದರೆ ಒಂದೇ ಸಿಲಿಂಡರಿನ ಇಂಜಿನ್ನಿನ ಹೊಗೆಯ ಉಸಿರು ಹೊರಬೀಳುವುದೂ ಎರಡು ಸುತ್ತಿಗೆ ಒಮ್ಮೆಯೇ. ಆದ್ದರಿಂದ ಇಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಬೆಂಡ್ ಪೈಪಿನ ಸಂದು ಮುಚ್ಚುವ ಪ್ಯಾಕಿಂಗಿನಲ್ಲಿ ಸಣ್ಣ ಸೋರಿಕೆಯಿದ್ದರೆ ಅದರ ಚಟ್ ಚಟ್ ಟ್ಯಾಪೆಟ್ಟಿನ ಲಯವನ್ನೇ ಹಿಡಿದು, ಅನುಭವವಿರುವ ಕಿವಿಯನ್ನೂ ದಾರಿ ತಪ್ಪಿಸುತ್ತದೆ.

ಇವೆರಡನ್ನೂ ಬಿಡಿಸಿ ತೋರಿಸಿದ್ದು ಒಂದು ಕಪ್ಪು ಕಲೆ. ಟಾರ್ಚ್ ಹಿಡಿದು ಬೆಂಡ್ ಪೈಪ್ ಸಿಲಿಂಡರ್ ಹೆಡ್ಡಿಗೆ ಸೇರುವ ಜಾಗವನ್ನು ಕೆಳಗಿನಿಂದ ನೋಡಿದಾಗ, ಎಡಗಡೆಯ ನಟ್ಟಿನ ಪಕ್ಕದಲ್ಲಿ ಬೀಸಣಿಗೆಯ ಆಕಾರದಲ್ಲಿ ಮಸಿ ಹರಡಿತ್ತು. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವೇ ಸೆಕೆಂಡುಗಳಲ್ಲಿ, ಪೈಪಿಗೆ ತಾಗಿಸದೆ ಕೈಯನ್ನು ಅಲ್ಲಿ ಹಿಡಿದಾಗ ಗಾಳಿಯ ಚುಟುಕು ಹೊಡೆತಗಳು ಬೆರಳಿಗೆ ತಿಳಿದವು. ಪೈಪು ಬೇಗ ಸುಡುವುದರಿಂದ ಈ ಪರೀಕ್ಷೆಗೆ ಹೆಚ್ಚು ಸಮಯವಿರುವುದಿಲ್ಲ. ಹೊಗೆ ತುಂಬುವ ಮುಚ್ಚಿದ ಕೋಣೆಯಲ್ಲಂತೂ ಇದನ್ನು ಮಾಡಲೇಬಾರದು. ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತಿದ್ದುದರಿಂದ ಶಬ್ದವೂ ನಿಲ್ಲುತ್ತಿತ್ತು. ಹೊಸ ಪ್ಯಾಕಿಂಗ್ ಹಾಕಿ ಎರಡೂ ನಟ್ಟುಗಳನ್ನು ಸಮನಾಗಿ ಬಿಗಿಸಿದ ಮೇಲೆ ಆ ಸದ್ದು ಮತ್ತೆ ಬಂದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಟ್ಯಾಪೆಟ್ ಶಬ್ದ ಅಡಗಲಿ ಎಂದು ಅಳತೆಯನ್ನೇ ನೋಡದೆ ವಾಲ್ವ್ ಕ್ಲಿಯರೆನ್ಸ್ (ಕ್ಯಾಮಿಗೂ ಟ್ಯಾಪೆಟ್ಟಿಗೂ ನಡುವೆ ಬಿಡುವ ಸಣ್ಣ ಸಂದು) ಬಿಗಿ ಮಾಡಿಸುವವರನ್ನು ಕಂಡಿದ್ದೇನೆ. ವಾಲ್ವ್ ತನ್ನ ಶಾಖದ ಬಹುಪಾಲನ್ನು ದಾಟಿಸುವುದು ಮುಚ್ಚಿ ಸೀಟಿನ (ಸಿಲಿಂಡರ್ ಹೆಡ್ಡಿನಲ್ಲಿ ಅದು ಕೂರುವ ಉಂಗುರದಂಥ ಅಂಚಿನ) ಮೇಲೆ ಕುಳಿತಿರುವಾಗ. ಕ್ಲಿಯರೆನ್ಸ್ ಇಲ್ಲವಾಗಿ ಅದು ಪೂರ್ತಿ ಮುಚ್ಚದಿದ್ದರೆ ಸದ್ದೇ ಇಲ್ಲದೆ ಸುಡುತ್ತ ಹೋಗುತ್ತದೆ. ಸಣ್ಣಗೆ ಸದ್ದು ಮಾಡುವ ವಾಲ್ವಿಗಿಂತ ಬಿಗಿಯಾಗಿ ಮೌನವಾಗಿರುವ ವಾಲ್ವಿನಿಂದಲೇ ಹೆಚ್ಚು ಅಪಾಯ.

ಮೂರನೆಯ ಶಬ್ದವೇ ನಿಜಕ್ಕೂ ಗಂಭೀರವಾದದ್ದು. 3,200 ಕಿಲೋಮೀಟರ್ ಆದಾಗ, ರಾತ್ರಿಯೆಲ್ಲ ನಿಂತಿದ್ದ ಬೈಕನ್ನು ಸ್ಟಾರ್ಟ್ ಮಾಡಿದೊಡನೆ ಡಬ್ಬದಲ್ಲಿ ಸರಪಳಿ ಕುಲುಕಿದಂತೆ ಎರಡು ಸೆಕೆಂಡು ಗಲಗಲ ಎನ್ನತೊಡಗಿತು. ಓಡಿಸುವಾಗ ಆಕ್ಸಿಲರೇಟರನ್ನು ಥಟ್ಟನೆ ಬಿಟ್ಟ ಕ್ಷಣದಲ್ಲೂ ಅದೇ ಸದ್ದು. ಸರ್ವಿಸ್ ಸೆಂಟರಿಗೆ ಎರಡು ಸಲ ಹೋದೆ. ಎರಡು ಸಲವೂ “ಏನೂ ಶಬ್ದ ಇಲ್ಲ” ಎಂದು ಬರೆದು ಕಳಿಸಿದರು. ಅವರಿಗೆ ಕೇಳಿಸದೆ ಇದ್ದುದು ಸಹಜ, ಏಕೆಂದರೆ ಅಲ್ಲಿಗೆ ತಲುಪುವಷ್ಟರಲ್ಲಿ ಇಂಜಿನ್ ಬಿಸಿಯಾಗಿರುತ್ತಿತ್ತು. ಆದರೆ ಬೈಕನ್ನು ತಣ್ಣಗಾಗಲು ಬಿಟ್ಟು ಕೇಳೋಣ ಎಂದು ಒಬ್ಬರೂ ಹೇಳಲಿಲ್ಲ ಎಂಬುದು ನನ್ನ ದೊಡ್ಡ ಅಸಮಾಧಾನ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದೂ ಉಪಯೋಗಕ್ಕೆ ಬರಲಿಲ್ಲ. ಫೋನು ದನಿಯ ಏರಿಳಿತವನ್ನು ತಾನಾಗಿಯೇ ಸಮ ಮಾಡುವುದರಿಂದ ಗಲಗಲವೂ ಐಡ್ಲಿಂಗಿನ ಸದ್ದೂ ಒಂದೇ ಮಟ್ಟದಲ್ಲಿ ಕೇಳುತ್ತಿದ್ದವು.

ಆಗ ಒಂದು ಚಿಕ್ಕ ಪುಸ್ತಕದಲ್ಲಿ ಹತ್ತು ದಿನ ಬರೆದಿಟ್ಟೆ: ಇಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಎಷ್ಟು ಆರ್‌ಪಿಎಂ, ಯಾವ ಗೇರು, ಕ್ಲಚ್ ಹಿಡಿದರೆ ಬದಲಾಯಿತೋ ಇಲ್ಲವೋ, ಎಳೆತದಲ್ಲಿ ಬಂತೋ ಬಿಟ್ಟಾಗ ಬಂತೋ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ತಿರುಗುವ ಭಾಗಗಳಿಂದ ದೂರವಿದ್ದು, ಬೇರೆ ಬೇರೆ ಜಾಗಗಳಲ್ಲಿ ಆಲಿಸಿದೆ. ಕ್ಲಚ್ ಕವರಿನ ಮೇಲೆ ಏನೂ ಇಲ್ಲ, ಹೆಡ್ ಕವರಿನ ಮೇಲೆ ಮಂದ. ಸಿಲಿಂಡರಿನ ಹಿಂಬದಿಯಲ್ಲಿ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಕೂರುವ ಜಾಗದಲ್ಲಿ ಮಾತ್ರ ಪಕ್ಕದಲ್ಲೇ ಬಡಿದಷ್ಟು ಸ್ಪಷ್ಟ.

ಬರೆದದ್ದನ್ನು ತೋರಿಸಿ, ಬೈಕನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಗ್ಗೆ ಹಿರಿಯ ಮೆಕ್ಯಾನಿಕ್ ಒಬ್ಬರ ಎದುರಿನಲ್ಲಿಯೇ ಸ್ಟಾರ್ಟ್ ಮಾಡಿಸಿದೆ. ಅವರು ಎರಡನೆಯ ಸಲ ಕೇಳಲೇ ಇಲ್ಲ. “ಟೆನ್ಷನರ್ ಹಿಡೀತಾ ಇಲ್ಲ” ಎಂದು ಅದನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಚೈನು ಸಡಿಲವಾದಂತೆಲ್ಲ ಸ್ಪ್ರಿಂಗಿನ ಬಲದಿಂದ ಹೊರಬಂದು, ಹಿಂದಕ್ಕೆ ಸರಿಯದಂತೆ ಹಲ್ಲಿನಲ್ಲಿ ಸಿಕ್ಕಿಕೊಳ್ಳಬೇಕಾದ ಕಡ್ಡಿ, ಹೆಬ್ಬೆರಳಿನಿಂದ ಒತ್ತಿದರೆ ಸಲೀಸಾಗಿ ಒಳಕ್ಕೆ ಜಾರುತ್ತಿತ್ತು. ಇದನ್ನು ಹಾಗೆಯೇ ಬಿಟ್ಟಿದ್ದರೆ ಚೈನು ಹಲ್ಲು ಹಾರಿ, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುವ ಸಾಧ್ಯತೆಯಿತ್ತು. ವಾರಂಟಿಯಲ್ಲಿ ಹೊಸದನ್ನು ಹಾಕಿಕೊಟ್ಟರು. ಆ ಮೆಕ್ಯಾನಿಕ್ಕರ ಶ್ರದ್ಧೆಗೆ ಪೂರ್ಣ ಅಂಕ ಕೊಡುತ್ತೇನೆ. ಅದಕ್ಕೆ ಮೊದಲು ಎರಡು ಸಲ ಕೇಳದೆಯೇ ಕಳಿಸಿದ ವ್ಯವಸ್ಥೆಗೆ ಕೊಡಲಾರೆ.

ಅನಂತರ ಬಂದದ್ದು 7,000 ಕಿಲೋಮೀಟರಿನ ಸುಮಾರಿಗೆ ಒಂದು ಕೊರೆತದ ಸದ್ದು. ಓಡುತ್ತಿರುವಾಗಲೇ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ಇಂಜಿನ್ ಐಡ್ಲಿಂಗಿಗೆ ಇಳಿದರೂ ಸದ್ದು ಚಕ್ರದ ವೇಗದೊಂದಿಗೇ ಮುಂದುವರಿಯಿತು. ಅಲ್ಲಿಗೆ ಇಂಜಿನ್ನಿನ ಮೇಲಿನ ಅನುಮಾನ ಮುಗಿಯಿತು. ಕೈಪಿಡಿಯ ಪ್ರಕಾರ 25ರಿಂದ 35 ಮಿಲಿಮೀಟರ್ ಸಡಿಲವಿರಬೇಕಾದ ಹಿಂಬದಿಯ ಚೈನು ವಿಪರೀತ ಬಿಗಿಯಾಗಿತ್ತು. ದೊಡ್ಡ ಗೇರಿನಲ್ಲಿ ಕಡಿಮೆ ವೇಗದಲ್ಲಿ ಏರು ಹತ್ತುವಾಗ ಒಂದೆರಡು ಸಲ ಇಂಧನ ಅವೇಳೆಯಲ್ಲಿ ಹೊತ್ತಿಕೊಳ್ಳುವ ಕಿಣಿಕಿಣಿ ಕೇಳಿದ್ದುಂಟು. ಗೇರ್ ಇಳಿಸಿದರೆ ನಿಲ್ಲುತ್ತದೆ.

ಆಯಿಲಿನ ಮಟ್ಟವನ್ನು ಪ್ರತಿ 500 ಕಿಲೋಮೀಟರಿಗೆ, ಬೈಕನ್ನು ನೇರವಾಗಿ ನಿಲ್ಲಿಸಿ ನೋಡುತ್ತೇನೆ. ಆಯಿಲ್ ದೀಪ ಹೊತ್ತಿದರೆ, ಅಥವಾ ಇಂಜಿನ್ನಿನ ತಳದಿಂದ ಸುತ್ತಿಗೆಯಂಥ ಆಳವಾದ ಬಡಿತ ಕೇಳಿ ಭಾರ ಬಿದ್ದಂತೆ ಜೋರಾದರೆ, ಅಲ್ಲೇ ಇಂಜಿನ್ ನಿಲ್ಲಿಸಿ ಬೈಕನ್ನು ವಾಹನದ ಮೇಲೆ ಸಾಗಿಸಬೇಕು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೆ ಆಮೇಲೆ ಓಡಿಸುವ ಒಂದೊಂದು ಕಿಲೋಮೀಟರೂ ಇಂಜಿನ್ನಿಗೆ ಹಾನಿ.

ಬೈಕು ಒಳ್ಳೆಯದು, ಇನ್ನೊಮ್ಮೆ ಕೊಳ್ಳುವುದಾದರೂ ಇದನ್ನೇ ನೋಡುತ್ತೇನೆ. ಜೋಡಣೆಯ ಕಾಳಜಿಯಲ್ಲಿ ಕೊರತೆಯಿದೆ, ಏಕೆಂದರೆ ಇಲ್ಲದ ವಾಷರು, ಕೆಟ್ಟ ಪ್ಯಾಕಿಂಗು, ಹಿಡಿಯದ ಟೆನ್ಷನರ್ ಮೂರೂ ಮೊದಲ 3,500 ಕಿಲೋಮೀಟರಿನೊಳಗೇ ಹೊರಬಂದವು. ಕೊಳ್ಳುವವರು ಶಬ್ದದ ದೂರನ್ನು ಬಾಯಲ್ಲಿ ಹೇಳಿ ಬರದೆ, “ತಣ್ಣಗಿದ್ದಾಗ, ಸ್ಟಾರ್ಟ್ ಆದ ಎರಡು ಸೆಕೆಂಡು, ಸಿಲಿಂಡರಿನ ಹಿಂಬದಿ” ಎಂಬಷ್ಟು ವಿವರವಾಗಿ ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ನನ್ನ ಟೆನ್ಷನರ್ ವಾರಂಟಿಯಲ್ಲಿ ಬದಲಾದದ್ದು ಅಂಥ ಮೂರು ಪ್ರತಿಗಳು ನನ್ನ ಬಳಿ ಇದ್ದುದರಿಂದ.