ಚಿಕ್ಕಬಳ್ಳಾಪುರದ ಟೋಯಿಂಗ್ ಗಾಡಿ: ರೇಟು ಜಾಸ್ತಿ, ಕೆಲಸ ಸರಿ

ಚಿಕ್ಕಬಳ್ಳಾಪುರ ಬೈಪಾಸ್ ಹತ್ತಿರ ಒಬ್ಬರು ಫ್ಲಾಟ್‌ಬೆಡ್ ಟೋಯಿಂಗ್ ಗಾಡಿ, ಅಂದರೆ ಕೆಟ್ಟ ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗೋ ಗಾಡಿ, ಇಟ್ಟಿದ್ದಾರೆ. ಫೋನ್ ಎತ್ತಿದವರು ಮೊದಲು ಕೇಳಿದ್ದೇ "ಗೇರ್ ಗಾಡಿನಾ, ಆಟೋಮ್ಯಾಟಿಕ್ಕಾ ಸಾರ್?" ಅಂತ. ಎಲ್ಲಿದ್ದೀರಿ ಅನ್ನೋದು ಆಮೇಲೆ. ನಾನು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವನು. ಆ ಪ್ರಶ್ನೆಗೇ ಅರ್ಧ ಮಾರ್ಕು ಕೊಟ್ಟುಬಿಟ್ಟೆ.

ಮಗಳ ಸಿವಿಟಿ ಕಾರು (ಒಂಥರಾ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನದು) ಪೆರೇಸಂದ್ರದ ಹತ್ತಿರ ಹೈವೇ ಪಕ್ಕ ನಿಂತುಬಿಟ್ಟಿತ್ತು. ಅವಳ ಇನ್ಶೂರೆನ್ಸ್‌ನವರು ಮೊದಲು ಕಳಿಸಿದ್ದು ಒಂದು ಪಿಕಪ್ಪು, ಒಂದು ಹಗ್ಗ. "ನ್ಯೂಟ್ರಲ್‌ಗೆ ಹಾಕಿ ಅಂಕಲ್, ಎಳ್ಕೊಂಡು ಹೋಗೋಣ" ಅಂದ ಹುಡುಗ. ಅವನನ್ನು ವಾಪಸ್ ಕಳಿಸಿ, ಬೈಪಾಸ್‌ನವರಿಗೆ ಫೋನ್ ಮಾಡಿದೆ.

ಯಾಕೆ ಅಂತ ಹೇಳ್ತೀನಿ. ಇಂಥ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಪಂಪ್ ತಿರುಗಿಸೋದು ಎಂಜಿನ್. ಎಂಜಿನ್ ಬಂದ್ ಆಗಿ ಚಕ್ರ ಉರುಳಿದರೆ ಒಳಗಿನ ಭಾಗಗಳು ತಿರುಗುತ್ತವೆ, ಆಯಿಲ್ ಮಾತ್ರ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೇ. ಡಿಪೋದಲ್ಲಿ ಬಸ್ಸನ್ನು ದೂರ ಎಳೆಯಬೇಕಾದರೆ ಮೊದಲು ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರದ ಕಡೆ ಹೋಗೋ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುತ್ತಿದ್ದೆವು. ಈ ಕಾರುಗಳಲ್ಲಿ ಬಿಚ್ಚೋಕೆ ಅಂಥ ಶಾಫ್ಟೇ ಇಲ್ಲ! ಎಲೆಕ್ಟ್ರಿಕ್ ಕಾರಾದರೆ ಚಕ್ರ ತಿರುಗಿದಾಗ ಮೋಟಾರೇ ಕರೆಂಟ್ ಹುಟ್ಟಿಸುತ್ತೆ, ಅದು ಇನ್ನೊಂದು ತಲೆನೋವು.

ಅಮೆರಿಕದಲ್ಲಿ ಮನೆಯಂಥ ದೊಡ್ಡ ಗಾಡಿಯ ಹಿಂದೆ ಕಾರನ್ನು ನಾಲ್ಕೂ ಚಕ್ರದ ಮೇಲೆ ಎಳೆದುಕೊಂಡು ಹೋಗ್ತಾರಲ್ಲ ಅಂತ ಅಳಿಯ ವಾದ ಮಾಡಿದ. ಹೋಗ್ತಾರೆ. ಆದರೆ ಕಾರಿನ ಮ್ಯಾನ್ಯುಯಲ್‌ನಲ್ಲಿ ಒಪ್ಪಿಗೆ ಇದ್ದರೆ ಮಾತ್ರ. ಕಬ್ಬಿಣದ ಟೋ ಬಾರ್, ಸೇಫ್ಟಿ ಚೈನು, ಹಿಂದಿನ ಕಾರಿಗೆ ಬೇರೆ ಬ್ರೇಕು, ಲೈಟಿಗೆ ವೈರಿಂಗು, ಇಷ್ಟೂ ಬೇಕು. ನಮ್ಮ ಹುಡುಗನ ಹತ್ತಿರ ಇದ್ದದ್ದು ನೈಲಾನ್ ಹಗ್ಗ.

ಗೇರ್ ಗಾಡಿಯನ್ನೂ ಹಗ್ಗದಲ್ಲಿ ಸುಮ್ನೆ ಎಳೆಯೋ ಹಾಗಿಲ್ಲ. ಎಂಜಿನ್ ಬಂದ್ ಇದ್ದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತೆ. ಕೀ ತೆಗೆದರೆ ಸ್ಟೇರಿಂಗ್ ಲಾಕ್. ಎರಡು ಗಾಡಿ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು ಅಂತ ನಿಯಮ ಬೇರೆ. ಹಗ್ಗದ ಮೇಲಿರುವ ಗಾಡಿಯಲ್ಲಿ ಲೈಸೆನ್ಸ್ ಇರೋರೇ ಕೂತಿರಬೇಕು.

ಬೈಪಾಸ್‌ನವರ ಕೆಲಸಕ್ಕೆ ಬರೋಣ. ಟೋ ಹುಕ್ಕನ್ನು ಡಿಕ್ಕಿಯಿಂದ ತೆಗೆಸಿ, ಬಂಪರ್ ಮುಚ್ಚಳ ಗೀರಾಗದ ಹಾಗೆ ಬಿಡಿಸಿ, ಪೂರ್ತಿ ತಿರುಗಿಸಿ ಕೂರಿಸಿದರು. ವಿಂಚ್‌ನಲ್ಲಿ ನಿಧಾನವಾಗಿ ಮೇಲೆಳೆದರು. ಚಕ್ರ ಉರುಳದ ಹಾಗೆ ಅಡ್ಡ ಕೊಟ್ಟು, ಬೆಲ್ಟನ್ನು ಟೈರಿಗೇ ಬಿಗಿದರು. ಆಕ್ಸಲ್‌ಗೋ ಸಸ್ಪೆನ್ಷನ್ ಆರ್ಮ್‌ಗೋ ಕಟ್ಟೋರು ಬೇಕಾದಷ್ಟು ಜನ ಇದ್ದಾರೆ. ಮಗಳು ಕಾರಲ್ಲೇ ಕೂರ್ತೀನಿ ಅಂದಳು. "ಆಗಲ್ಲಮ್ಮ, ಕ್ಯಾಬಿನ್‌ಗೆ ಬನ್ನಿ" ಅಂದರು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಬೆಲ್ಟ್ ಸಡಿಲ ಆಗಿದೆಯಾ ಅಂತ ಇನ್ನೊಂದು ಸಲ ನೋಡಿದರು.

ಬೇಸರದ ವಿಷಯ ಮೂರು. ಚಿಕ್ಕಬಳ್ಳಾಪುರಕ್ಕೆ 4,500 ರೂಪಾಯಿ ತಗೊಂಡರು, ಖಾಲಿ ಬರೋ ದೂರವನ್ನೂ ಸೇರಿಸಿ. ಇನ್ಶೂರೆನ್ಸ್‌ಗೆ ಕೊಡೋಕೆ ಬಿಲ್ ಕೇಳಿದರೆ ನಾಳೆ ವಾಟ್ಸಾಪ್ ಮಾಡ್ತೀನಿ ಅಂದವರು ಇನ್ನೂ ಕಳಿಸಿಲ್ಲ. ಒಂದು ಬೆಲ್ಟಿನ ಅಂಚು ಎಳೆ ಬಿಟ್ಟಿತ್ತು, ಬದಲಾಯಿಸಿ ಅಂತ ಹೇಳಿ ಬಂದಿದ್ದೀನಿ. ಐದಕ್ಕೆ ನಾಲ್ಕು ಸ್ಟಾರ್. ಬಿಲ್ ಬಂದರೆ ಇನ್ನರ್ಧ ಸೇರಿಸ್ತೀನಿ.