ಒಂದೂವರೆ ಸಾಲಂತರ: ಒಂದೇ ಅಧ್ಯಾಯ, ನಾಲ್ಕು ಬಗೆ

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಲೀನಾದ ವಿದ್ಯಾನಗರಿಯಲ್ಲಿದೆ. ಅಲ್ಲಿನ ಸಂಶೋಧಕರ ಮಹಾಪ್ರಬಂಧಗಳಿಗೆ ಪುಟವಿನ್ಯಾಸ ಮಾಡಿಕೊಡುವ ಕೆಲಸವನ್ನು ನಾನು ಡೊಂಬಿವಲಿಯ ಮನೆಯಲ್ಲೇ ಕುಳಿತು ಮಾಡುತ್ತೇನೆ. ಬಂದವರೆಲ್ಲರೂ ಒಂದೂವರೆ ಸ್ಪೇಸಿಂಗ್ ಬೇಕೆನ್ನುತ್ತಾರೆ. ಆದರೆ ಯಾವುದರ ಒಂದೂವರೆ ಎಂಬುದಕ್ಕೆ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಅರ್ಥವಿದೆ. ಕಳೆದ ಮಳೆಗಾಲದಲ್ಲಿ ಒಂದೇ ಅಧ್ಯಾಯವನ್ನು, ಎ4 ಹಾಳೆ, ಸುತ್ತ ಒಂದಂಗುಲದ ಅಂಚು, 12 ಪಾಯಿಂಟಿನ (ಪಾಯಿಂಟ್ ಎಂದರೆ ಅಂಗುಲದ ಸುಮಾರು 72ನೆಯ ಒಂದು ಭಾಗ) ನೋಟೊ ಸೆರಿಫ್ ಕನ್ನಡ ಅಕ್ಷರ ಎಂದು ಗೊತ್ತುಮಾಡಿಕೊಂಡು, ನಾಲ್ಕು ಬಗೆಯಲ್ಲಿ ಮುದ್ರಿಸಿ, ಅಡಿಪಟ್ಟಿ ಇಟ್ಟು ಅಳೆದು ನೋಡಿದೆ.

ವರ್ಡ್‌ನ 1.5 ಎಂಬುದು ಅಕ್ಷರಗಾತ್ರದ ಒಂದೂವರೆ ಅಲ್ಲ. ಆಯಾ ಫಾಂಟಿನೊಳಗೇ ನಮೂದಾಗಿರುವ ಸಾಲಿನ ಎತ್ತರದ ಒಂದೂವರೆ. ಆದ್ದರಿಂದ ಫಾಂಟ್ ಬದಲಾದರೆ ಅಂತರವೂ ಬದಲಾಗುತ್ತದೆ. ಇದು ಎದ್ದು ಕಂಡದ್ದು ಗ್ರಂಥಋಣದ ಪುಟದಲ್ಲಿ: ಟೈಮ್ಸ್ ನ್ಯೂ ರೋಮನ್‌ನಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಪಟ್ಟಿ ಒತ್ತೊತ್ತಾಗಿಯೂ ಅದರ ಮೇಲಿನ ಕನ್ನಡ ಪಟ್ಟಿ ಸಡಿಲವಾಗಿಯೂ ಕೂತಿದ್ದವು. ಹಿಂದೊಮ್ಮೆ ಬೈಂಡಿಂಗ್ ಮಾಡುವ ಅಂಗಡಿಯೊಂದರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದೆ ಬೇರೊಂದು ಫಾಂಟ್ ತಾನಾಗಿ ಬಂದು ಕೂತು, ಪುಟಗಳೆಲ್ಲ ಸರಿದು, ಪರಿವಿಡಿಯ ಒಂದು ಸಂಖ್ಯೆಯೂ ಹೊಂದದೆ ಹೋಗಿತ್ತು. ಆ ದಿನ ಆ ವಿದ್ಯಾರ್ಥಿನಿಯ ಮುಖ ನೋಡಿದ ಮೇಲೆ ನಾನು ಯಾರಿಗೂ ಪಿಡಿಎಫ್ ಮಾಡದೆ ಕಡತ ಕೊಟ್ಟಿಲ್ಲ.

ಅದೇ ವರ್ಡ್‌ನಲ್ಲಿ ‘ಎಕ್ಸ್ಯಾಕ್ಟ್ಲಿ’ ಎಂಬ ಆಯ್ಕೆಯಿದೆ. 18 ಪಾಯಿಂಟ್ ಎಂದರೆ ಯಾವ ಫಾಂಟಿದ್ದರೂ 18 ಪಾಯಿಂಟೇ. ಗ್ರಂಥಋಣದ ತೊಂದರೆ ಇದರಿಂದ ನೀಗಿತು. ಆದರೆ ಶಾಸನವೊಂದರ ಚಿತ್ರವನ್ನು ಸಾಲಿನ ನಡುವೆ ಸೇರಿಸಿದಾಗ ಒಂದು ಸಾಲಿನ ಎತ್ತರದ ಪಟ್ಟಿಯಷ್ಟೇ ಕಂಡಿತು, ಉಳಿದದ್ದು ಮರೆಯಾಯಿತು. ಚಿತ್ರವಿರುವ ಪ್ಯಾರಾಕ್ಕೆಲ್ಲ ‘ಸಿಂಗಲ್’ ಎಂದು ಬೇರೆಯಾಗಿ ಹೇಳಬೇಕಾಯಿತು.

ಮೂರನೆಯದು ಲೇಟೆಕ್, ಆದೇಶಗಳನ್ನು ಬರೆದು ಪುಟ ಜೋಡಿಸುವ ತಂತ್ರಾಂಶ. ಸಾಲಂತರ ಹಿಗ್ಗಿಸುವ ಅದರ ಲೈನ್‌ಸ್ಪ್ರೆಡ್ ಆದೇಶದಲ್ಲಿ ಹೊಸಬರು ಎಡವುವುದು ಸಹಜ. 12 ಪಾಯಿಂಟಿನ ಪಠ್ಯಕ್ಕೆ ಲೇಟೆಕ್ ಮೊದಲೇ 14.5 ಪಾಯಿಂಟಿನ ಸಾಲಂತರ ಇಟ್ಟಿರುತ್ತದೆ, ನಾವು 1.5 ಎಂದು ಬರೆದರೆ ಅದನ್ನು ಆ 14.5ಕ್ಕೆ ಗುಣಿಸುವುದರಿಂದ ಸಿಗುವುದು 21.75 ಪಾಯಿಂಟ್. ಪುಟಕ್ಕೆ 32 ಸಾಲು ಮಾತ್ರ ಹಿಡಿದವು, ಬರಹ ನೀರು ಬೆರೆಸಿದ ಮಜ್ಜಿಗೆಯ ಹಾಗೆ ತೆಳುವಾಗಿ ಕಂಡಿತು. ಅದಕ್ಕಿಂತ ಕೆಟ್ಟದ್ದೆಂದರೆ, ಈ ಗುಣಕ ಅಡಿಟಿಪ್ಪಣಿಗೂ ಕೋಷ್ಟಕಕ್ಕೂ ತಗಲುತ್ತದೆ. ಮೊದಲೇ 12 ಪಾಯಿಂಟಿನ ಸಾಲಂತರವಿರುವ, 10 ಪಾಯಿಂಟ್ ಅಕ್ಷರದ ಅಡಿಟಿಪ್ಪಣಿಯ ಸಾಲುಗಳು 18 ಪಾಯಿಂಟ್ ದೂರ ನಿಂತು ಪುಟದ ಕೆಳಭಾಗವನ್ನೆಲ್ಲ ನುಂಗಿದವು.

ನಾಲ್ಕನೆಯದು ಲೇಟೆಕ್‌ಗೆ ಜೋಡಿಸಿಕೊಳ್ಳುವ ಸೆಟ್‌ಸ್ಪೇಸ್ ಎಂಬ ಪ್ಯಾಕೇಜ್. ಇದರ ಒಂದೂವರೆ ನಿಜವಾಗಿ ಅಕ್ಷರಗಾತ್ರದ ಒಂದೂವರೆ: 12 ಪಾಯಿಂಟಿಗೆ 1.241 ಎಂಬ ಗುಣಕವನ್ನು ಅದು ತಾನೇ ಹಾಕಿಕೊಂಡು ಸಾಲಂತರವನ್ನು 18 ಪಾಯಿಂಟಿಗೆ ತಂದು ನಿಲ್ಲಿಸುತ್ತದೆ. ಪುಟಕ್ಕೆ 39 ಸಾಲು ಬಂದವು. ಹತ್ತು ಸಾಲಿನ ಅಂತರವನ್ನು ಅಳೆದಾಗ ಅಡಿಪಟ್ಟಿಯಲ್ಲಿ 63 ಮಿಲಿಮೀಟರ್ ಚಿಲ್ಲರೆ ಸಿಕ್ಕಿತು. ಲೈನ್‌ಸ್ಪ್ರೆಡ್‌ನಲ್ಲಿ ಅದು 76ನ್ನು ದಾಟಿತ್ತು. ಅಡಿಟಿಪ್ಪಣಿ, ಕೋಷ್ಟಕ, ಚಿತ್ರದ ಶೀರ್ಷಿಕೆಗಳನ್ನು ಸೆಟ್‌ಸ್ಪೇಸ್ ಒಂಟಿ ಅಂತರದಲ್ಲೇ ಉಳಿಸುತ್ತದೆ. ನನ್ನ ಮನಸ್ಸು ಇದಕ್ಕೇ ಒಪ್ಪಿತು.

ಆದರೆ ಕನ್ನಡಕ್ಕೆ ಇದೂ ಹಾಗೆಯೇ ಸಾಲದು. ಇಂಗ್ಲಿಷಿನ ಅಕ್ಷರಗಳಿಗೆ ಒತ್ತು ಇಲ್ಲ. ನಮ್ಮ ‘ರಾಷ್ಟ್ರೀಯ’ ಎಂಬ ಒಂದು ಪದದಲ್ಲೇ ಷಕಾರದ ಕೆಳಗೆ ಎರಡು ಒತ್ತು ಇಳಿಯುತ್ತವೆ, ಮೇಲೆ ಗುಡಿಸು ಏರುತ್ತದೆ. ಪಠ್ಯದ 18 ಪಾಯಿಂಟಿನಲ್ಲಿ ಅವಕ್ಕೆ ಜಾಗವಿದೆ. ಅಡಿಟಿಪ್ಪಣಿಯ 12 ಪಾಯಿಂಟಿನ ಒಂಟಿ ಅಂತರದಲ್ಲಿ ಇಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತಾದಾಗ, ಲೇಟೆಕ್‌ಗೆ ಆಧಾರವಾದ ಟೆಕ್ ತಂತ್ರಾಂಶ ಅಂತರದ ಲೆಕ್ಕವನ್ನು ಬಿಟ್ಟು, ಎರಡರ ನಡುವೆ 1 ಪಾಯಿಂಟ್ ತುರುಕಿ ಕೆಳಗಿನ ಸಾಲನ್ನು ತಳ್ಳಿಬಿಡುತ್ತದೆ. ಐದು ಸಾಲಿನ ಟಿಪ್ಪಣಿಯೊಂದರಲ್ಲಿ ಎರಡನೆಯ ಮತ್ತು ಮೂರನೆಯ ಸಾಲುಗಳ ನಡುವೆ ಮಾತ್ರ ಸಣ್ಣ ಕಂಡಿ ಬಿದ್ದದ್ದನ್ನು ನೋಡಿ, ಮೊದಲು ನಾನೇ ತಪ್ಪಿ ಖಾಲಿ ಸಾಲು ಬಿಟ್ಟೆನೇನೋ ಎಂದು ಹುಡುಕಾಡಿದ್ದೆ. ಸೆಟ್‌ಸ್ಪೇಸ್‌ನಲ್ಲಿ ಸೆಟ್‌ಸಿಂಗಲ್‌ಸ್ಪೇಸ್ ಎಂಬ ಆದೇಶವಿದೆ. ಒಂಟಿ ಅಂತರ ಎಂದರೆ ಎಷ್ಟು ಎಂಬುದನ್ನು ಅದರಿಂದ ನಾವೇ ಗೊತ್ತುಮಾಡಬಹುದು. ಅಲ್ಲಿ 1.2 ಎಂದು ಬರೆದೆ. ಅಂತರ 14.4 ಪಾಯಿಂಟಿಗೆ ಏರಿತು, ಕಂಡಿ ಮುಚ್ಚಿತು, ಐದೂ ಸಾಲು ಸಮನಾದವು.

ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಸಾಲುಗಳ ನಡುವೆ ತೆಳು ಲೋಹದ ಪಟ್ಟಿ ಇಡುತ್ತಿದ್ದರು; ಎಷ್ಟು ದಪ್ಪದ್ದು ಬೇಕೆಂದು ಜೋಡಿಸುವವರ ಕಣ್ಣು ಹೇಳುತ್ತಿತ್ತು. ನಾನೂ ಈಗ ಮಾದರಿ ಪುಟಕ್ಕೆ ಒತ್ತುಗಳು ಹೆಚ್ಚಿರುವ ಟಿಪ್ಪಣಿಯನ್ನೇ ಆರಿಸಿ ಮುದ್ರಿಸಿ ನೋಡುತ್ತೇನೆ. ಮಾರ್ಗದರ್ಶಕರು ಪೆನ್ನಿನಲ್ಲಿ ತಿದ್ದುವ ಕರಡಿಗೆ ಮಾತ್ರ ಸೆಟ್‌ಸ್ಪೇಸ್‌ನ ಡಬಲ್‌ಸ್ಪೇಸಿಂಗ್ ಇಡುತ್ತೇನೆ. ತಿದ್ದಿ ಬಂದ ಮೇಲೆ ಆ ಒಂದು ಪದವನ್ನು ಬದಲಿಸಿದರೆ ಸಾಕು, ಪರಿವಿಡಿಯ ಪುಟಸಂಖ್ಯೆಗಳು ತಾವೇ ಹೊಂದಿಕೊಳ್ಳುತ್ತವೆ.