ಮೂರು ದಿನದ ತುರ್ತು ಚೀಲ: ಮಡಿಕೇರಿಯ ಮಳೆಯಲ್ಲಿ ಒಂದು ಪರೀಕ್ಷೆ

ಮುಂಗಾರಿಗೆ ಎರಡು ವಾರ ಮೊದಲು, ಆನ್‌ಲೈನ್ ಮಾರಾಟಗಾರರೊಬ್ಬರಿಂದ ‘ನಾಲ್ವರ ಕುಟುಂಬಕ್ಕೆ ಮೂರು ದಿನಗಳ ತುರ್ತು ಚೀಲ’ ಎಂಬ ಹೆಸರಿನ ಸಿದ್ಧ ಸಾಮಗ್ರಿಯನ್ನು 4,200 ರೂಪಾಯಿ ಕೊಟ್ಟು ತರಿಸಿಕೊಂಡೆ. ನಮ್ಮ ಮನೆ ಇರುವುದು ಮಡಿಕೇರಿ ತಾಲ್ಲೂಕಿನ ಕಾಫಿ ತೋಟದ ಇಳಿಜಾರಿನಲ್ಲಿ. ಮನೆಯ ಹಿಂದೆ ಸುಮಾರು ಇಪ್ಪತ್ತು ಅಡಿ ಎತ್ತರದ ಬರೆ (ಕಡಿದಾದ ಮಣ್ಣಿನ ಗೋಡೆ) ಇದೆ, ಮುಂದೆ ಗದ್ದೆಯವರೆಗೆ ಇಳಿಯುವ ತೋಟವಿದೆ, ಡಾಂಬರು ರಸ್ತೆಗೆ ಕಾಲುದಾರಿಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ಈ ವಿಮರ್ಶೆಯನ್ನು ಇಂತಹ ಮನೆಯವರ ಕಣ್ಣಿನಿಂದಲೇ ಬರೆಯುತ್ತಿದ್ದೇನೆ. ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರಿಗೆ ಇದೇ ಚೀಲ ಬೇರೆಯೇ ರೀತಿ ಕಂಡೀತು.

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಜರಿದಾಗ ಮನೆ ಬಿಟ್ಟ ಬಹುತೇಕರ ಕೈಯಲ್ಲಿ ಏನೂ ಇರಲಿಲ್ಲ. ಅದನ್ನು ‘ಜಲಸ್ಫೋಟ’ ಎಂದು ಕರೆದವರೂ ಇದ್ದರು. ಆದರೆ ಅನೇಕ ದಿನಗಳ ಎಡೆಬಿಡದ ಮಳೆಗೆ ಮಣ್ಣು ನೀರು ಕುಡಿದು ತೂಕ ಹೆಚ್ಚಿಸಿಕೊಂಡದ್ದು ಮತ್ತು ಮನೆ, ರಸ್ತೆಗಳಿಗಾಗಿ ಇಳಿಜಾರಿನ ಬುಡವನ್ನು ಕಡಿದದ್ದು ಎರಡೂ ಸೇರಿ ಹಾಗಾಯಿತು ಎಂಬುದೇ ಭೂವಿಜ್ಞಾನಿಗಳ ವಿವರಣೆ. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈನಲ್ಲಿ ಅಂಕೋಲದ ಶಿರೂರು ಮತ್ತು ಗಡಿಯಾಚೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ — ಎಲ್ಲಿಯೂ ಮನೆಯೊಳಗೆ ಬಾಗಿಲು ಹಾಕಿಕೊಂಡು ಮೂರು ದಿನ ಕಳೆಯುವ ಪ್ರಶ್ನೆ ಬರಲಿಲ್ಲ. ಬರೆ ಜರಿಯುವ ಊರಿನಲ್ಲಿ ತುರ್ತು ಚೀಲವೆಂದರೆ ಹತ್ತು ನಿಮಿಷದಲ್ಲಿ ಹೆಗಲಿಗೇರಿಸಿಕೊಂಡು ಮಳೆಯಲ್ಲಿ ನಡೆದುಹೋಗಲು ಬೇಕಾದದ್ದು. ನಾನು ಈ ಚೀಲವನ್ನು ಅಳೆದದ್ದು ಆ ಒಂದೇ ಅಳತೆಗೋಲಿನಿಂದ.

ಆ ಅಳತೆಗೆ ಚೀಲ ಮೊದಲ ದಿನವೇ ಸೋತಿತು. ಬಂದ ಹಾಗೆಯೇ ತೂಗಿದರೆ ಹನ್ನೊಂದು ಕಿಲೋ ಚಿಲ್ಲರೆ. ಎಪ್ಪತ್ನಾಲ್ಕು ವರ್ಷದ ಅವ್ವನನ್ನು ಒಂದು ಕೈಯಲ್ಲಿ, ಕೊಡೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಜಾರುವ ಕಾಲುದಾರಿಯಲ್ಲಿ ಇಷ್ಟು ಭಾರ ಹೊತ್ತು ಇಳಿಯಬಲ್ಲವರು ನಮ್ಮ ಮನೆಯಲ್ಲಂತೂ ಇಲ್ಲ. ಬಟ್ಟೆ ‘ನೀರು ತಡೆಯುತ್ತದೆ’ ಎಂದು ಬರೆದಿದ್ದರು. ಜೂನ್ ಕೊನೆಯ ಒಂದು ಮಧ್ಯಾಹ್ನ ಒಳಗಿನ ವಸ್ತುಗಳನ್ನೆಲ್ಲ ತೆಗೆದು, ಹಳೆಯ ದಿನಪತ್ರಿಕೆಗಳನ್ನು ತುಂಬಿ, ಅಂಗಳದ ಕಲ್ಲಿನ ಮೇಲೆ ಒಂದು ಗಂಟೆ ಇಟ್ಟುನೋಡಿದೆ. ಬಟ್ಟೆ ನಿಜಕ್ಕೂ ತಕ್ಕಮಟ್ಟಿಗೆ ತಡೆದುಕೊಂಡಿತು. ನೀರು ಇಳಿದದ್ದು ಜಿಪ್ಪಿನಿಂದ. ಮೇಲಿನ ಅರ್ಧ ಪತ್ರಿಕೆಗಳು ಹಿಂಡುವಷ್ಟು ನೆನೆದಿದ್ದವು. ಗೊಬ್ಬರದ ಚೀಲದ ಒಳಗೆ ಬರುವ ದಪ್ಪ ಪ್ಲಾಸ್ಟಿಕ್ಕನ್ನು ತೊಳೆದು ಒಳಪದರವಾಗಿ ಹಾಕಿ, ಬಾಯಿಯನ್ನು ತಿರುಚಿ ಹಗ್ಗದಿಂದ ಕಟ್ಟಿದ ಮೇಲೆ ಅದೇ ಪರೀಕ್ಷೆಯಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ. ಖರ್ಚಿಲ್ಲದ ಆ ಪ್ಲಾಸ್ಟಿಕ್ಕಿನ ಕೆಲಸವನ್ನು 4,200 ರೂಪಾಯಿಯ ಚೀಲ ಮಾಡಬೇಕಿತ್ತು.

ಒಳಗಿದ್ದವುಗಳಲ್ಲಿ ಮನಸ್ಸಿಗೆ ಬಂದದ್ದು ರೇಡಿಯೊ. ಕೈಯಿಂದ ಹಿಡಿ ತಿರುಗಿಸಿ ವಿದ್ಯುತ್ ತುಂಬಿಕೊಳ್ಳಬಹುದಾದ ಈ ಪುಟ್ಟ ಪೆಟ್ಟಿಗೆಯಲ್ಲಿ ಟಾರ್ಚೂ ಇದೆ, ಫೋನಿಗೆ ಚಾರ್ಜ್ ಕೊಡುವ ಕಿಂಡಿಯೂ ಇದೆ. ಕೊನೆಯದನ್ನು ನಂಬಬೇಡಿ, ಹದಿನೈದು ನಿಮಿಷ ತಿರುಗಿಸಿ ಕೈ ಸೋತರೂ ಫೋನಿಗೆ ಸಿಕ್ಕಿದ್ದು ಶೇಕಡಾ ಎರಡು. ಆದರೆ ಒಂದೆರಡು ನಿಮಿಷ ತಿರುಗಿಸಿದರೆ ರೇಡಿಯೊ ಕಾಲು ಗಂಟೆ ಹಾಡುತ್ತದೆ, ನಮ್ಮ ಕಣಿವೆಯಲ್ಲಿ ಆಕಾಶವಾಣಿ ಮಡಿಕೇರಿಯ 103.1 ಕೂಡ ಸ್ಪಷ್ಟವಾಗಿ ಸಿಗುತ್ತದೆ. ಜುಲೈ, ಆಗಸ್ಟಿನಲ್ಲಿ ಮರ ಬಿದ್ದು ಕಂಬ ಮುರಿದು ವಾರಗಟ್ಟಲೆ ಕರೆಂಟು ಹೋಗುವುದು, ಹಿಂದೆಯೇ ಮೊಬೈಲ್ ಗೋಪುರವೂ ಸುಮ್ಮನಾಗುವುದು ಇಲ್ಲಿ ಹೊಸತಲ್ಲ. ಯಾವ ರಸ್ತೆ ಮುಚ್ಚಿದೆ, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆದಿದೆ ಎಂಬುದನ್ನು ಮನೆಗೆ ತಲುಪಿಸಲು ಆಗ ಉಳಿಯುವುದು ಇಂತಹ ಪೆಟ್ಟಿಗೆಯೊಂದೇ. ಜೊತೆಗಿದ್ದ ಸೀಟಿಯೂ ಒಳ್ಳೆಯದು. ಮಳೆಯ ಸದ್ದಿನಲ್ಲಿ ಮನುಷ್ಯನ ಕೂಗು ತೋಟದ ಎರಡನೇ ಸಾಲಿಗೂ ಕೇಳುವುದಿಲ್ಲ, ಸೀಟಿ ಮಾತ್ರ ಗದ್ದೆಯ ತುದಿಯವರೆಗೂ ಕೇಳಿಸಿತು.

ಆಹಾರದ ಪೊಟ್ಟಣಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಚೀಲದ ತೂಕದಲ್ಲಿ ಅರ್ಧದಷ್ಟನ್ನು ಅವು ಮತ್ತು ನೀರಿನ ಬಾಟಲಿಗಳೇ ತಿಂದುಬಿಟ್ಟಿವೆ. ಇಲ್ಲಿ ಕಾಳಜಿ ಕೇಂದ್ರ ತಲುಪಿದವರಿಗೆ ಅನ್ನ ಸಾರಿಗೆ ಕೊರತೆಯಾದದ್ದು ಕಡಿಮೆ. ದಾರಿಯಲ್ಲಿ ಒಂದು ಹೊತ್ತಿಗೆ ಅವಲಕ್ಕಿ ಬೆಲ್ಲ ಸಾಕು. ನೀರು ಶುದ್ಧಗೊಳಿಸುವ ಕ್ಲೋರಿನ್ ಮಾತ್ರೆಗಳನ್ನು ಕೊಟ್ಟಿರುವುದು ಸರಿಯಾದ ಆಲೋಚನೆ. ಆದರೆ ಕೆಸರು ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಬೇಕು ಎಂಬ ಮಾತು ಪೊಟ್ಟಣದ ಮೇಲೆಲ್ಲೂ ಇಲ್ಲ. ಮಳೆಗಾಲದಲ್ಲಿ ನಮಗೆ ಸಿಗುವುದು ಕೆಂಪು ನೀರೇ.

ಇಲ್ಲದಿರುವವುಗಳ ಪಟ್ಟಿ ಮಾಡಿದರೆ ಕೊರಗು ಹೆಚ್ಚಾದೀತು, ಆದರೂ ಒಂದನ್ನು ಬಿಡಲಾರೆ. ಕಾಗದಪತ್ರ ಇಡಲು ಚೀಲದಲ್ಲಿ ಪ್ರತ್ಯೇಕ ಜಾಗವೇ ಇಲ್ಲ. 2018ರಲ್ಲಿ ಜೀವ ಉಳಿಸಿಕೊಂಡು ಬಂದವರು ಆಮೇಲೆ ತಿಂಗಳುಗಟ್ಟಲೆ ಅಲೆದದ್ದು ಪಹಣಿ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ಅಂಕಪಟ್ಟಿಗಳಿಗಾಗಿ. ಜಮೀನೇ ಮಣ್ಣಿನಡಿ ಹೋದವನಿಗೆ ಅದು ತನ್ನದೆಂದು ತೋರಿಸಲು ಒಂದು ಹಾಳೆ ಬೇಕು. ಹಾಗಾಗಿ ಗಟ್ಟಿಯಾಗಿ ಮುಚ್ಚುವ ಎರಡು ಪ್ಲಾಸ್ಟಿಕ್ ಲಕೋಟೆಗಳನ್ನು ಮಡಿಕೇರಿಯ ಸ್ಟೇಷನರಿ ಅಂಗಡಿಯಿಂದ ತಂದು, ಒಂದರಲ್ಲಿ ಎಲ್ಲ ದಾಖಲೆಗಳ ಜೆರಾಕ್ಸ್, ಇನ್ನೊಂದರಲ್ಲಿ ಅವ್ವನ ಬಿ.ಪಿ. ಮಾತ್ರೆ ಮತ್ತು ವೈದ್ಯರ ಚೀಟಿ ಇಟ್ಟೆ. ಅವ್ವ ತನ್ನದೊಂದು ಸೇರಿಸಿದಳು: ಇಂಬಳ (ಜಿಗಣೆ) ಕಚ್ಚಿದರೆ ಒತ್ತಲು ಬಟ್ಟೆಯಲ್ಲಿ ಕಟ್ಟಿದ ಉಪ್ಪು. ಚೀಲ ತಯಾರಿಸಿದವರು ಮಳೆಗಾಲದ ತೋಟದಲ್ಲಿ ಒಮ್ಮೆಯೂ ನಡೆದಿಲ್ಲ ಎಂಬ ನನ್ನ ಅನುಮಾನ ಆ ಉಪ್ಪಿನ ಗಂಟನ್ನು ನೋಡಿದ ಮೇಲೆ ಖಚಿತವಾಯಿತು.

ಅತಿ ದೊಡ್ಡ ನಿರಾಶೆ ಜೊತೆಗಿರುವ ಕೈಪಿಡಿ. ಇಪ್ಪತ್ತು ಪುಟ, ಇಂಗ್ಲಿಷ್ ಮತ್ತು ಹಿಂದಿ, ಅದರಲ್ಲಿ ಆರು ಪುಟ ಭೂಕಂಪಕ್ಕೆ. 2022ರ ಜೂನ್‌ನಲ್ಲಿ ಚೆಂಬು, ಕರಿಕೆಯ ಕಡೆ ನೆಲ ಸಣ್ಣಗೆ ನಡುಗಿದ್ದುಂಟು, ಆದ್ದರಿಂದ ಆ ಪುಟಗಳು ವ್ಯರ್ಥವೆನ್ನಲಾರೆ. ಆದರೆ ಭೂಕುಸಿತಕ್ಕೆ ಸಿಕ್ಕಿರುವುದು ನಾಲ್ಕೇ ಸಾಲು. ಅಂಗಳದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾಗಿ ಮುಚ್ಚಲಾಗದ ಬಾಗಿಲು, ವಾಲಿದ ಕಂಬ ಮತ್ತು ಮರ, ಬರೆಯಲ್ಲಿ ಹೊಸದಾಗಿ ಎದ್ದ ಒರತೆ, ತಿಳಿಯಾಗಿದ್ದ ಒರತೆಗೆ ಬಂದ ಕೆಸರಿನ ಬಣ್ಣ, ತುಂಬಿ ಹರಿಯುತ್ತಿದ್ದ ತೋಡಿನಲ್ಲಿ ಕಾರಣವಿಲ್ಲದೆ ಇಳಿದ ನೀರು — ಮನೆ ಬಿಡಬೇಕೆಂದು ಹೇಳುವ ಈ ಗುರುತುಗಳಲ್ಲಿ ಒಂದೂ ಅಲ್ಲಿಲ್ಲ. ಚೀಲವನ್ನು ಯಾವಾಗ ಹೆಗಲಿಗೇರಿಸಬೇಕು ಎಂದು ಹೇಳದ ಮೇಲೆ ಒಳಗೆ ಏನಿದ್ದರೇನು?

ಇಲ್ಲಿನ ಬೆಳೆಗಾರರ ಮನೆಗಳಲ್ಲಿ ಮಳೆಮಾಪಕ ಇರುವುದು, ದಿನವೂ ಬೆಳಿಗ್ಗೆ ಇಂಚು, ಸೆಂಟುಗಳಲ್ಲಿ (ಒಂದು ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಮಳೆಯ ಲೆಕ್ಕ ಬರೆದಿಡುವುದು ತಲೆಮಾರುಗಳ ರೂಢಿ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 204.5 ಮಿಲಿಮೀಟರಿಗೆ ಸಮ ಅಥವಾ ಹೆಚ್ಚು ಸುರಿದರೆ ‘ಅತ್ಯಂತ ಭಾರಿ ಮಳೆ’ ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು ಎಂಟು ಇಂಚು. ಆದರೆ ಅದಕ್ಕೂ ಕಡಿಮೆ ಮಳೆ ದಿನಗಟ್ಟಲೆ ಬಿಡದೆ ಸುರಿದರೂ ಬರೆ ಜರಿಯಬಹುದು. ಕೈಪಿಡಿಯ ಹಿಂಬದಿಯಲ್ಲಿ ಒಂದು ಖಾಲಿ ಕೋಷ್ಟಕ ಕೊಟ್ಟಿದ್ದರೆ ಪ್ರತಿ ಮನೆಯೂ ತನ್ನ ಲೆಕ್ಕವನ್ನು ಅಲ್ಲೇ ಬರೆಯುತ್ತಿತ್ತು. ನಾನು ಹಾಗೊಂದು ಹಾಳೆ ಮಾಡಿ, ಮೇಲೆ ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಸಂಖ್ಯೆ 112, ಕೆಳಗೆ ಪಂಚಾಯಿತಿ ಮತ್ತು ನೆರೆಮನೆಯವರ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಚೀಲದ ಹೊರಗಿನ ಜೇಬಿಗೆ ಹಾಕಿದ್ದೇನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳ ಜಾಲ ಹೊಂದಿದೆ, ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಆ್ಯಪ್ ಇದೆ. ಇವೆರಡೂ ಪುಕ್ಕಟೆ, ಎರಡೂ ಈ ಕೈಪಿಡಿಯಲ್ಲಿಲ್ಲ.

ಇನ್ನು ಬೆಲೆ. ನಮ್ಮ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕ ಕುಟುಂಬಗಳು ಹಲವು ಕಡೆ ಬೆಳೆಗಾರರ ಮನೆಗಿಂತ ಬರೆಗೆ ಹತ್ತಿರವಾಗಿರುತ್ತವೆ. ಅವರಲ್ಲಿ ಯಾರೂ 4,200 ರೂಪಾಯಿಯ ಚೀಲ ಕೊಳ್ಳಲಾರರು. ಶುಕ್ರವಾರದ ಸಂತೆ ಮತ್ತು ಬಸ್ ನಿಲ್ದಾಣದ ಬಳಿಯ ಅಂಗಡಿಗಳಲ್ಲಿ ಹುಡುಕಿ ಶಾಲೆಯ ಚೀಲ, ಚಾರ್ಜ್ ಆಗುವ ಟಾರ್ಚು, ಸಣ್ಣ ರೇಡಿಯೊ, ಸೀಟಿ, ನೈಲಾನ್ ಹಗ್ಗ, ಲಕೋಟೆ, ಮಳೆಕೋಟು ಕೊಂಡಾಗ ಒಂದು ಮನೆಗೆ ಬಿದ್ದದ್ದು 1,350 ರೂಪಾಯಿ. ತೂಕ ಮೂರೂವರೆ ಕಿಲೋ. ಕೈಯಿಂದ ತಿರುಗಿಸುವ ರೇಡಿಯೊ ಮಾತ್ರ ಇಲ್ಲಿ ಸಿಗಲಿಲ್ಲ. ಬ್ಯಾಟರಿಯದ್ದಕ್ಕೆ ಎರಡು ಜೊತೆ ಹೆಚ್ಚುವರಿ ಸೆಲ್ ಇಟ್ಟೆವು.

ಕುಶಾಲನಗರದ ತಗ್ಗಿನ ಬಡಾವಣೆಗಳಂತೆ ಕಾವೇರಿ ಉಕ್ಕಿದಾಗ ಮಹಡಿ ಹತ್ತಿ ಒಂದೆರಡು ದಿನ ಕಾಯುವ ಸಾಧ್ಯತೆ ಇರುವ ಮನೆಗಳಿಗೆ ಈ ಚೀಲದ ನೀರು, ಪೊಟ್ಟಣ, ಹೊದಿಕೆಗಳು ನಿಜಕ್ಕೂ ಉಪಯೋಗಕ್ಕೆ ಬಂದಾವು, ಅವರು ಕೊಳ್ಳಬಹುದು. ಇಳಿಜಾರಿನಲ್ಲಿರುವವರು ಕೊಳ್ಳುವುದು ಬೇಡ. ಕನ್ನಡದ ಕೈಪಿಡಿ ಬೇಕೆಂದು ಮಾರಾಟಗಾರರಿಗೆ ಬರೆದಿದ್ದೆ. ‘ನಿಮ್ಮ ಸಲಹೆಯನ್ನು ಪರಿಗಣಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರ ಬಂದಿದೆ. ಸದ್ಯಕ್ಕೆ ಅವರ ಚೀಲದಿಂದ ರೇಡಿಯೊ, ಸೀಟಿ, ಕ್ಲೋರಿನ್ ಮಾತ್ರೆಗಳನ್ನು ನಮ್ಮ ಶಾಲಾಚೀಲಕ್ಕೆ ಸಾಗಿಸಿ, ಅದನ್ನು ಮುಂಬಾಗಿಲ ಪಕ್ಕದ ಮೊಳೆಗೆ, ಕೊಡೆಯ ಜೊತೆಗೇ ತೂಗುಹಾಕಿದ್ದೇವೆ. ಉಳಿದ ದೊಡ್ಡ ಚೀಲದಲ್ಲಿ ಅವ್ವ ಈಗ ಒಣಗಿದ ಕಾಳುಮೆಣಸು ತುಂಬಿಟ್ಟಿದ್ದಾಳೆ.